ಐಸ್‌ಲ್ಯಾಂಡ್ ಮತ್ತು ಬ್ರಿಟನ್: ಮೀನಿಗಾಗಿ ಕಡಿದ ರಾಜತಾಂತ್ರಿಕ ಸಂಬಂಧ

ಅಮೆರಿಕ ಮತ್ತು ಅದರ ಮಿತ್ರರಾಷ್ಟ್ರಗಳ ಸೇನಾ ಒಕ್ಕೂಟವಾದ ನೇಟೋದ ಎರಡು ಸದಸ್ಯ ರಾಷ್ಟ್ರಗಳು ಎಂದಾದರೂ ಪರಸ್ಪರ ರಾಜತಾಂತ್ರಿಕ ಸಂಬಂಧವನ್ನೇ ಕಡಿದುಕೊಂಡದ್ದುಂಟೇ ಎಂದು ತಾವು ಕೇಳಿದ್ದೀರಿ. ಉಂಟು. 1976ರ ಫೆಬ್ರವರಿ 19ರಂದು ಐಸ್‌ಲ್ಯಾಂಡ್ ಬ್ರಿಟನ್ನಿನೊಂದಿಗಿನ ಸಂಬಂಧವನ್ನು ವಿಧ್ಯುಕ್ತವಾಗಿ ಕಡಿದುಕೊಂಡಿತು. ಕಾರಣ, ಕಾಡ್ (cod) ಎಂಬ ಸಮುದ್ರ ಮೀನು.

1958ರಲ್ಲಿ 12 ನಾಟಿಕಲ್ ಮೈಲಿ, 1972ರಲ್ಲಿ 50 ಮೈಲಿ ಎಂದು ತನ್ನ ಮೀನುಗಾರಿಕಾ ವಲಯವನ್ನು ಹಿಗ್ಗಿಸುತ್ತ ಬಂದಿದ್ದ ಐಸ್‌ಲ್ಯಾಂಡ್, 1975ರ ಅಕ್ಟೋಬರಿನಲ್ಲಿ ಅದನ್ನು 200 ಮೈಲಿಗೆ ವಿಸ್ತರಿಸಿದಾಗ ಬ್ರಿಟನ್ ಒಪ್ಪದೆ, ತನ್ನ ಟ್ರಾಲರುಗಳ (ಬಲೆ ಎಳೆದು ಮೀನು ಹಿಡಿಯುವ ಹಡಗುಗಳ) ಕಾವಲಿಗೆ ಯುದ್ಧನೌಕೆಗಳನ್ನು ಕಳುಹಿಸಿತು. ಸೈನ್ಯವೇ ಇಲ್ಲದ ಐಸ್‌ಲ್ಯಾಂಡಿನ ಕೈಯಲ್ಲಿದ್ದದ್ದು ಕೆಲವೇ ಕರಾವಳಿ ಕಾವಲು ಹಡಗುಗಳು. ಅವು ಟ್ರಾಲರುಗಳ ಹಿಂದಿನಿಂದ ಅಡ್ಡ ಹಾಯ್ದು, ನೀರಿನಲ್ಲಿ ಎಳೆದೊಯ್ಯುವ ಒಂದು ಬಗೆಯ ಕೊಕ್ಕೆಯಿಂದ ಬಲೆಯ ಉಕ್ಕಿನ ಹಗ್ಗವನ್ನೇ ಕತ್ತರಿಸಿಬಿಡುತ್ತಿದ್ದವು. ಬಲೆಯೊಂದಿಗೆ ಅದರಲ್ಲಿದ್ದ ಮೀನೂ ಸಮುದ್ರದ ಪಾಲಾಗುತ್ತಿತ್ತು. ಹಡಗುಗಳು ಒಂದಕ್ಕೊಂದು ಡಿಕ್ಕಿ ಹೊಡೆದದ್ದೂ ಹಲವು ಬಾರಿ.

ಆದರೆ ಬ್ರಿಟನ್ ಮಣಿದದ್ದು ಈ ಕೊಕ್ಕೆಗಳಿಗಿಂತ ಹೆಚ್ಚಾಗಿ ಐಸ್‌ಲ್ಯಾಂಡಿನ ನೆಲದಲ್ಲಿದ್ದ ಕೆಫ್ಲಾವಿಕ್ ಸೇನಾ ನೆಲೆಯಿಂದಾಗಿ ಎಂಬುದು ನನ್ನ ಅಭಿಪ್ರಾಯ. ಸೋವಿಯತ್ ಜಲಾಂತರ್ಗಾಮಿಗಳ ಮೇಲೆ ಕಣ್ಣಿಡಲು ಅಮೆರಿಕಕ್ಕೆ ಆ ನೆಲೆ ಅತ್ಯಗತ್ಯವಾಗಿದ್ದುದರಿಂದ, ಐಸ್‌ಲ್ಯಾಂಡ್ ಒಕ್ಕೂಟದಿಂದಲೇ ಹೊರನಡೆದೀತೆಂಬ ಆತಂಕ ಉಳಿದ ಸದಸ್ಯರನ್ನು ಕಾಡುತ್ತಿತ್ತು. ನೇಟೋದ ಮಹಾಕಾರ್ಯದರ್ಶಿ ಜೋಸೆಫ್ ಲುನ್ಸ್ ಸ್ವತಃ ಮಧ್ಯಸ್ಥಿಕೆಗೆ ಇಳಿದರು.

ಕೊನೆಗೆ 1976ರ ಜೂನ್ 1ರಂದು ಓಸ್ಲೋದಲ್ಲಿ ಒಪ್ಪಂದವಾಗಿ, ಆ 200 ಮೈಲಿಯೊಳಗೆ ಒಮ್ಮೆಗೆ 24 ಬ್ರಿಟಿಷ್ ಟ್ರಾಲರುಗಳಿಗಷ್ಟೇ, ಅದೂ ಆರು ತಿಂಗಳ ಮಟ್ಟಿಗೆ, ಮೀನು ಹಿಡಿಯಲು ಅವಕಾಶ ದೊರೆಯಿತು. ಬ್ರಿಟನ್ ಪರವಾಗಿ ಸಹಿ ಹಾಕಿದ ವಿದೇಶಾಂಗ ಸಚಿವ ಆಂಟನಿ ಕ್ರಾಸ್ಲೆಂಡ್ ಮೀನುಗಾರಿಕಾ ಬಂದರಾದ ಗ್ರಿಮ್ಸ್‌ಬಿಯ ಸಂಸದರೇ ಆಗಿದ್ದರು! ಸಂಬಂಧ ಮತ್ತೆ ಕುದುರಿತು. ಗ್ರಿಮ್ಸ್‌ಬಿ ಮತ್ತು ಹಲ್‌ ಬಂದರುಗಳ ದೂರಸಾಗರ ಮೀನುಗಾರಿಕೆ ಮಾತ್ರ ಚೇತರಿಸಿಕೊಳ್ಳಲಿಲ್ಲ.