ಫೆಬ್ರವರಿಯಲ್ಲಿ ಗುದ್ದಲಿ ಹಿಡಿಯಬೇಡ

ತಂಗಿ,

ನಿನ್ನ ಪತ್ರ ಓದಿದೆ. ಇಂಗ್ಲೆಂಡಿನ ಗ್ಲಾಸ್ಟರ್‌ಶೈರ್‌ನ ಹಳ್ಳಿಯಲ್ಲಿ ಹಳೆಯ ಕಲ್ಲಿನ ಮನೆಯೊಂದನ್ನು ಬಾಡಿಗೆಗೆ ಹಿಡಿದು ಮೂರು ವಾರವಾಯಿತು, ಹಿಂದೆ ತೋಟವೆಂದು ಕರೆಯುವ ಜಾಗವಿದೆ, ಅದರಲ್ಲಿ ಕೆಸರು, ಒಣಕಡ್ಡಿ, ಕೊಳೆತ ಎಲೆ ಬಿಟ್ಟರೆ ಏನೂ ಇಲ್ಲ, ಬಾಡಿಗೆ ಕರಾರಿನಲ್ಲಿ ತೋಟವನ್ನು ಅಚ್ಚುಕಟ್ಟಾಗಿ ಇಟ್ಟುಕೊಳ್ಳಬೇಕೆಂದು ಬೇರೆ ಬರೆದಿದ್ದಾರೆ, ಈ ಶನಿವಾರ ಇಬ್ಬರೂ ಸೇರಿ ಎಲ್ಲವನ್ನೂ ಅಗೆದು ಕೊತ್ತಂಬರಿ, ಮೆಂತ್ಯ ಹಾಕಿಬಿಡಲೇ ಎಂದು ಕೇಳಿದ್ದೀಯ. ಅದರ ಬೆನ್ನಿಗೇ ಚಳಿ ಯಾವಾಗ ಮುಗಿಯುತ್ತದೆ, ಅಮ್ಮ ಬರುವಾಗ ಊರಿನಿಂದ ಬೀಜ ತರಿಸಲೇ, ಜನ ಹೇಗೆ, ಬೇಸರವಾಗುವುದಿಲ್ಲವೇ ಎಂಬ ಪ್ರಶ್ನೆಗಳು. ಅಕ್ಕ ಎಂದು ಕರೆದಿದ್ದೀಯ, ಆದ್ದರಿಂದ ನಾನೂ ಬಹುವಚನ ಬಿಟ್ಟಿದ್ದೇನೆ.

ಮೊದಲನೆಯದಕ್ಕೆ ಉತ್ತರ, ಬೇಡ. ಗುದ್ದಲಿಯನ್ನು ಶೆಡ್ಡಿನಲ್ಲಿಟ್ಟು ಬಾಗಿಲು ಹಾಕು. ಯಾಕೆಂದು ಆಮೇಲೆ ಹೇಳುತ್ತೇನೆ, ಅದು ಸ್ವಲ್ಪ ಉದ್ದದ ಕಥೆ.

ಚಳಿ ಮೇ ಮಧ್ಯದವರೆಗೂ ಹೋಗಿ ಬಂದು ಮಾಡುತ್ತದೆ. ಹವಾಮಾನ ಇಲಾಖೆಯವರು ಮಾರ್ಚ್ 1ಕ್ಕೆ ವಸಂತ ಶುರು ಎಂದು ಲೆಕ್ಕ ಹಾಕುತ್ತಾರೆ. 2018ರಲ್ಲಿ ಅದೇ ಮಾರ್ಚ್ 1ರಂದು ನಮ್ಮ ನೈಋತ್ಯ ಭಾಗಕ್ಕೆ ಹಿಮದ ಕೆಂಪು ಎಚ್ಚರಿಕೆ ಕೊಟ್ಟಿದ್ದರು. ಮಾರ್ಚ್‌ನ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ, ಅಂದಿನ ಸಂಜೆ ನಿನಗೆ ಮತ್ತೆ ಜೀವ ಬಂದಂತಾಗುತ್ತದೆ. ಊರಿಗೆ ಫೋನ್ ಮಾಡುವ ಹೊತ್ತು ಬದಲಾಗುತ್ತದೆಂದು ಅಮ್ಮನಿಗೆ ಮೊದಲೇ ತಿಳಿಸು. ಬೀಜ ತರಿಸಬೇಡ. ಬಿತ್ತುವ ಬೀಜಕ್ಕೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು, ಸೀರೆಯ ಮಡಿಕೆಯಲ್ಲಿ ಇಟ್ಟು ತರುವುದೆಲ್ಲ ವಿಮಾನ ನಿಲ್ದಾಣದಲ್ಲಿ ಅಮ್ಮನಿಗೆ ಅವಮಾನ ಮಾಡಿಸುವ ದಾರಿ. ಇಲ್ಲಿಯ ಅಂಗಡಿಯಲ್ಲಿ ಸಿಗುವ ಒಗ್ಗರಣೆಯ ಮೆಂತ್ಯವೇ ಚೆನ್ನಾಗಿ ಮೊಳೆಯುತ್ತದೆ. ಜನ ಒಳ್ಳೆಯವರು. ಬೇಸರ ಆಗುತ್ತದೆ.

ಈಗ ಗುದ್ದಲಿಯ ವಿಷಯ.

ನಾವು ಸೋಮರ್‌ಸೆಟ್‌ಗೆ ಬಂದದ್ದು 1999ರ ಫೆಬ್ರವರಿಯಲ್ಲಿ. ನಿನ್ನದರಂತೆಯೇ ತಗ್ಗು ಸೂರಿನ ಬಾಡಿಗೆ ಮನೆ. ಹಿಂದಿನ ತೋಟ ನಿನಗೆ ಕಂಡಂತೆಯೇ ನನಗೂ ಕಂಡಿತು, ಹಾಳು ಬಿದ್ದ ಜಾಗದ ಹಾಗೆ. ನಾನು ಬೇಸಾಯಗಾರರ ಮನೆಯ ಮಗಳು. ಮಣ್ಣಿನ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ ಎಂಬ ಜಂಬ ಬೆಟ್ಟದಷ್ಟಿತ್ತು. ಹಿತ್ತಲು ಗುಡಿಸದ ಮನೆಯನ್ನು ನಮ್ಮ ಕಡೆ ಏನೆನ್ನುತ್ತಾರೆ, ನಿನಗೆ ಗೊತ್ತೇ ಇದೆ. ಎರಡು ದಿನ ಸೊಂಟ ಮುರಿಯುವಂತೆ ಅಗೆದೆ. ಒಣಗಿ ನಿಂತ ದಂಟುಗಳನ್ನೆಲ್ಲ ಬುಡಸಮೇತ ಕಿತ್ತೆ. ಮಣ್ಣಿನಲ್ಲಿ ಸಣ್ಣ ಈರುಳ್ಳಿಯಂಥ ಗೆಡ್ಡೆಗಳು ಹಿಡಿ ಹಿಡಿಯಾಗಿ ಸಿಕ್ಕವು, ಕರಿಗಟ್ಟಿದ ಗೆಣಸಿನಂಥ ಬೇರುಗಳು ಸಿಕ್ಕವು, ಅವುಗಳ ನೆತ್ತಿಯಲ್ಲಿ ಕುಂಕುಮ ಬಣ್ಣದ ಮೊನೆಗಳಿದ್ದವು. ಆ ಮೊನೆ ನೋಡಿಯೂ ನನಗೆ ಅನುಮಾನ ಬರಲಿಲ್ಲ ಎಂಬುದು ಈಗಲೂ ನಾಚಿಕೆ. ಅವು ಪಿಯೋನಿ ಗಿಡಗಳು, ಒಮ್ಮೆ ಬೇರೂರಿದರೆ ಹಲವು ದಶಕ ಹೂ ಬಿಡುವಂಥವು. ಆರು ಚೀಲ ತುಂಬಿ ಹೊರಗೆ ಹಾಕಿದೆ.

ಪಕ್ಕದ ಮನೆಯ ಮುದುಕಿ ಮೋಟುಗೋಡೆಯ ಆಚೆಯಿಂದ ನೋಡಿ, ‘ತುಂಬಾ ಕೆಲಸ ಮಾಡಿದ್ದೀರಿ’ ಎಂದರು. ನಾನು ಹೊಗಳಿಕೆ ಎಂದುಕೊಂಡೆ. ಆ ರಾತ್ರಿ ಫೋನ್ ಕಾರ್ಡಿನ ನಿಮಿಷಗಳನ್ನು ಖರ್ಚು ಮಾಡಿ ಅಪ್ಪನಿಗೆ ಅದನ್ನೇ ಹೇಳಿಕೊಂಡೆ, ಅವರೂ ಹಿಗ್ಗಿದರು. ಇಲ್ಲಿಯವರು ಬೈಯುವುದನ್ನು ಹೊಗಳಿಕೆಯ ಬಟ್ಟೆ ತೊಡಿಸಿ ಕಳುಹಿಸುತ್ತಾರೆ ಎಂದು ತಿಳಿಯಲು ನನಗೆ ವರ್ಷಗಳೇ ಹಿಡಿದವು. ಹಿಂದೆ ಆ ಮನೆಯಲ್ಲಿದ್ದವರ ಜೊತೆ ಸೇರಿ ಆ ಗೆಡ್ಡೆಗಳಲ್ಲಿ ಅರ್ಧವನ್ನು ನೆಟ್ಟವರು ಅವರೇ ಎಂಬುದು ಗೊತ್ತಾಗಲು ಇನ್ನೂ ಹೆಚ್ಚು.

ಅವರು ತಮ್ಮನ್ನು ಹೆಸರು ಹಿಡಿದೇ ಕರೆಯಬೇಕೆಂದು ಮೊದಲ ದಿನವೇ ಹೇಳಿದ್ದರು. ಎಂಬತ್ತರ ಹತ್ತಿರದ ಹೆಂಗಸನ್ನು ಹೆಸರಿನಿಂದ ಕರೆಯಲು ನಾಲಿಗೆ ಹೇಗೆ ಏಳಬೇಕು, ನೀನೇ ಹೇಳು. ಅಜ್ಜಿ ಎಂದರೆ ಅವರಿಗೆ ಅರ್ಥವಾಗದು. ಹೀಗಾಗಿ ಮೂರೂವರೆ ವರ್ಷ ಅವರನ್ನು ಏನೂ ಕರೆಯದೆಯೇ ಮಾತಾಡಿದೆ.

ಮಾರ್ಚ್ ಮೊದಲ ವಾರ ಅವರು ಬಾಗಿಲು ತಟ್ಟಿದರು. ಕೈಯಲ್ಲಿ ಒದ್ದೆ ಪತ್ರಿಕೆಯಲ್ಲಿ ಸುತ್ತಿದ ಒಂದು ಕಟ್ಟು. ಒಳಗೆ ಮಣ್ಣು ಮೆತ್ತಿದ ಗೆಡ್ಡೆ, ಜೋಲು ಬಿದ್ದ ಹಸಿರು ಎಲೆ, ಕಂದು ಬಣ್ಣಕ್ಕೆ ತಿರುಗಿ ಬಾಡಿದ ಹೂವುಗಳು. ‘ಸ್ನೋಡ್ರಾಪ್, ಇವತ್ತೇ ನೆಟ್ಟುಬಿಡಿ’ ಎಂದರು. ನನ್ನ ಮುಖ ಹೇಗಾಗಿತ್ತೋ. ಯಾರ ಮನೆಗಾದರೂ ಬಾಡಿದ ಹೂ ಒಯ್ಯುತ್ತಾರೆಯೇ? ತಮ್ಮ ತೋಟದಲ್ಲಿ ಅರಳಿ ಮುಗಿದು ಎಸೆಯಬೇಕಾದದ್ದನ್ನು ಈ ಕಪ್ಪು ಹುಡುಗಿಗೆ ಕೊಡೋಣ ಎಂದು ಬಂದಿದ್ದಾರೆ ಎಂದುಕೊಂಡೆ. ಥ್ಯಾಂಕ್ಯೂ ಎಂದೆ, ಒಳಗೆ ಕರೆಯಲಿಲ್ಲ, ಕಾಫಿ ಕೊಡಲಿಲ್ಲ. ಕಟ್ಟನ್ನು ಶೆಡ್ಡಿನ ಕಿಟಕಿಯ ಮೇಲಿಟ್ಟೆ. ಅದು ಅಲ್ಲಿಯೇ ಒಣಗಿ ಕಾಗದವಾಯಿತು.

ನಾಲ್ಕು ವರ್ಷದ ಬಳಿಕ, 2003ರ ಫೆಬ್ರವರಿಯಲ್ಲಿ, ಈಸ್ಟ್ ಲ್ಯಾಂಬ್ರೂಕ್ ಮ್ಯಾನರ್ ನೋಡಲು ಹೋಗಿದ್ದೆವು. ನೀನೂ ಒಮ್ಮೆ ಹೋಗು, ಮಾರ್ಜರಿ ಫಿಶ್ ಎಂಬಾಕೆ 1930ರ ದಶಕದ ಕೊನೆಯಿಂದ ಕಟ್ಟಿದ ತೋಟ, ಫೆಬ್ರವರಿಯಲ್ಲಿ ಸ್ನೋಡ್ರಾಪ್ ನೋಡಲೆಂದೇ ಜನ ಬರುತ್ತಾರೆ. ಅಲ್ಲಿ ಸಸಿ ನೋಡುತ್ತಿದ್ದ ಒಬ್ಬರು ತಮ್ಮ ಸ್ನೇಹಿತೆಗೆ ಹೇಳುತ್ತಿದ್ದರು: ಒಣ ಗೆಡ್ಡೆ ಕೊಳ್ಳಬೇಡ, ಅದರಲ್ಲಿ ಎಷ್ಟೋ ಏಳುವುದೇ ಇಲ್ಲ, ಹೂ ಮುಗಿದು ಎಲೆ ಇನ್ನೂ ಹಸಿರಾಗಿರುವಾಗ ಯಾರಾದರೂ ಬುಡ ಒಡೆದು ಕೊಟ್ಟರೆ ಅದಕ್ಕಿಂತ ಒಳ್ಳೆಯದಿಲ್ಲ. ನಾನು ನಿಂತಲ್ಲೇ ನಿಂತೆ. ಅಷ್ಟು ಸಣ್ಣ ಗೆಡ್ಡೆ ಬೇಗ ಒಣಗುತ್ತದೆ. ಎಲೆ, ಬೇರು ಜೀವಂತವಾಗಿರುವಾಗ ಸ್ಥಳ ಬದಲಿಸಿದರೆ ಸುಲಭವಾಗಿ ಹಿಡಿಯುತ್ತದೆ. ಮುದುಕಿ ತಂದದ್ದು ಎಸೆಯುವ ಹೂವಲ್ಲ. ನಾನು ಕಿತ್ತೆಸೆದದ್ದನ್ನು ತಮ್ಮ ತೋಟದಿಂದ ಅಗೆದು ಮತ್ತೆ ತುಂಬಿಕೊಡಲು ಬಂದಿದ್ದರು, ಬೈಯದೆ.

ಅಷ್ಟರಲ್ಲಿ ಅವರು ಹಿಂದಿನ ಶರತ್ಕಾಲದಲ್ಲೇ ಮನೆ ಮಾರಿ ಉತ್ತರದಲ್ಲಿರುವ ಮಗನ ಊರಿಗೆ ಹೋಗಿಯಾಗಿತ್ತು. ಹೊಸಬರು ಮುಂದಿನ ತೋಟಕ್ಕೆ ಜಲ್ಲಿ ಸುರಿದು ಎರಡು ಕಾರು ನಿಲ್ಲಿಸುವ ಜಾಗ ಮಾಡಿಕೊಂಡಿದ್ದರು. ವಿಳಾಸ ಕೇಳಿ ಪತ್ರ ಬರೆಯಬಹುದಿತ್ತು. ಎರಡು ಸಲ ಕಾಗದ ತೆಗೆದುಕೊಂಡು ಕೂತೆ. ‘ಪ್ರಿಯ’ ಎಂದು ಬರೆದ ಮೇಲೆ ಏನು ಬರೆಯಬೇಕೆಂದು ತೋಚಲಿಲ್ಲ. ಆ ಹೆಸರನ್ನು ನಾನು ಒಮ್ಮೆಯೂ ಬಾಯಲ್ಲಿ ಆಡಿರಲಿಲ್ಲ.

ಇರಲಿ. ನಿನ್ನ ತೋಟಕ್ಕೆ ಬರುತ್ತೇನೆ.

ಕೆಸರನ್ನು ಕಾಲಿನ ಎತ್ತರದಿಂದ ನೋಡಬೇಡ, ಕುಕ್ಕರಗಾಲಲ್ಲಿ ಕೂತು ನೋಡು. ಬೇಲಿಯ ಬುಡದಲ್ಲಿ ತಲೆ ತಗ್ಗಿಸಿದ ಬಿಳಿ ಹೂ ಇದ್ದರೆ ಅದೇ ಸ್ನೋಡ್ರಾಪ್, ಬೆರಳಿನಿಂದ ಮೇಲೆತ್ತಿದರೆ ಒಳಗಿನ ಎಸಳಿನ ತುದಿಯಲ್ಲಿ ಹಸಿರು ಗುರುತು ಕಾಣುತ್ತದೆ. ಹಿಮ ಬಿದ್ದ ಬೆಳಿಗ್ಗೆ ಅದು ನೆಲಕ್ಕೆ ಮಲಗಿರುತ್ತದೆ, ಸತ್ತಿತೆಂದು ಅಳಬೇಡ, ಮಧ್ಯಾಹ್ನದ ಹೊತ್ತಿಗೆ ಎದ್ದು ನಿಲ್ಲುತ್ತದೆ. ಹೆಲೆಬೋರ್ ಎಂಬ ಹೂ ಕೂಡ ನಾಚಿಕೆಯ ಹುಡುಗಿ, ಗಲ್ಲ ಹಿಡಿದೆತ್ತಿ ಮುಖ ನೋಡಬೇಕು. ಆಮೇಲೆ ತಿಳಿಹಳದಿ ಪ್ರಿಮ್‌ರೋಸ್ ಬರುತ್ತದೆ. ಲಂಗ್‌ವರ್ಟ್ ಎಂಬ ಚುಕ್ಕೆ ಎಲೆಯ ಗಿಡ ಗುಲಾಬಿಯಾಗಿ ಅರಳಿ ನೀಲಿಯಾಗಿ ಮಾಗುತ್ತದೆ, ವರ್ಷದ ಮೊದಲ ದುಂಬಿಗಳು ಅದಕ್ಕೇ ಮುತ್ತುತ್ತವೆ. ನೀನು ಒಂದು ಹಿಡಿ ಮಣ್ಣು ಕೆದಕಿದರೂ ಸಾಕು, ರಾಬಿನ್ ಹಕ್ಕಿ ಎರೆಹುಳಕ್ಕಾಗಿ ಮೊಳದಷ್ಟು ದೂರದಲ್ಲಿ ಬಂದು ಕೂರುತ್ತದೆ. ಬೇಲಿಯಲ್ಲಿ ಎಲೆಯೇ ಇಲ್ಲದೆ ಮುಳ್ಳುಕಡ್ಡಿಯ ತುಂಬ ಬಿಳಿ ಹೂ ಬಂದರೆ ಅದು ಬ್ಲ್ಯಾಕ್‌ಥಾರ್ನ್. ನನ್ನ ಮೊದಲ ಯುಗಾದಿ ಅದರ ಎದುರಿಗೆ ಕಳೆಯಿತು, ಬೇವಿನ ಹೂ ಇರಲಿಲ್ಲ. ಬ್ಲ್ಯಾಕ್‌ಥಾರ್ನ್ ಹೂ ಬಂದಾಗ ಚಳಿ ಇನ್ನೊಮ್ಮೆ ತಿರುಗಿ ಬರುತ್ತದೆಂದು ಇಲ್ಲಿಯ ಹಳಬರು ಹೇಳುತ್ತಾರೆ, ಕೋಟನ್ನು ಒಗೆದು ಒಳಗಿಡಬೇಡ.

ಏನಾದರೂ ತಲೆ ಎತ್ತಿದ ಕಡೆ ಒಂದು ಕಡ್ಡಿ ಚುಚ್ಚಿಡು, ಪಿಯೋನಿಯ ಕೆಂಪು ಮೊನೆಗೆ ಎರಡು ಕಡ್ಡಿ. ಒಂದು ವರ್ಷ ಪೂರ್ತಿ ಹೀಗೆ ಗುರುತು ಹಾಕು. ಒಣದಂಟುಗಳನ್ನು ಬುಡದಲ್ಲಿ ಚಿಗುರು ಕಂಡ ಮೇಲೆ ಕತ್ತರಿಯಿಂದ ಕತ್ತರಿಸು, ಕೀಳಬೇಡ. ಚಳಿಗಾಲವೆಲ್ಲ ಅದರೊಳಗೆ ಗುಲಗಂಜಿಯಂಥ ಕೆಂಪು ಹುಳುಗಳು ಅಡಗಿರುತ್ತವೆ, ಮುಂದೆ ನಿನ್ನ ಗಿಡದ ಹೇನು ತಿನ್ನುವವು ಅವೇ. ಕರಾರಿನ ‘ಅಚ್ಚುಕಟ್ಟು’ ಎಂದರೆ ಸಾಮಾನ್ಯವಾಗಿ ಹುಲ್ಲು ಕತ್ತರಿಸಿ, ಕಾಲುದಾರಿ ಗುಡಿಸಿರುವುದು. ಬಂದ ದಿನದ ಸ್ಥಿತಿಯ ಫೋಟೊ ತೆಗೆದಿಟ್ಟುಕೋ.

ಡ್ಯಾಫೊಡಿಲ್ ಗೆಡ್ಡೆ ಈರುಳ್ಳಿಯಂತೆಯೇ ಇರುತ್ತದೆ, ಮೊಗ್ಗಿನ ಕಟ್ಟು ಈರುಳ್ಳಿ ಹೂವಿನಂತೆ. ತಿಂದರೆ ವಿಷ. 2015ರಲ್ಲಿ ಸರ್ಕಾರದ ಆರೋಗ್ಯ ಇಲಾಖೆಯವರೇ ಸೂಪರ್‌ಮಾರ್ಕೆಟ್‌ಗಳಿಗೆ ಪತ್ರ ಬರೆದು ಅದನ್ನು ತರಕಾರಿಯ ಹತ್ತಿರ ಇಡಬೇಡಿ ಎಂದಿದ್ದರು, ಮೋಸ ಹೋಗುವವರಲ್ಲಿ ನಮ್ಮಂತೆ ಹೊರಗಿನಿಂದ ಬಂದವರೂ ಇರುತ್ತಾರೆ. ಹೂ ಮುಗಿದ ಮೇಲೆ ಅದರ ಎಲೆಯನ್ನು ಆರು ವಾರವಾದರೂ ಮುಟ್ಟಬೇಡ, ಮುಂದಿನ ವರ್ಷದ ಹೂವಿಗಾಗಿ ಗೆಡ್ಡೆ ಆಗಲೇ ಉಣ್ಣುತ್ತಿರುತ್ತದೆ. ಮಾರ್ಚ್‌ನಿಂದ ಆಗಸ್ಟ್‌ವರೆಗೆ ಬೇಲಿ ಸವರಬೇಡ, ಹಕ್ಕಿಗೂಡು ಕೆಡಿಸುವುದು 1981ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ. ಶೆಡ್ಡಿನಲ್ಲಿ ಗೊಂಡೆಹುಳ ಕೊಲ್ಲುವ ನೀಲಿ ಗುಳಿಗೆಯ ಹಳೆಯ ಡಬ್ಬಿ ಸಿಕ್ಕರೆ ಅದರ ಮೇಲೆ ಮೆಟಾಲ್ಡಿಹೈಡ್ ಎಂದಿದೆಯೇ ನೋಡು, 2022ರ ವಸಂತದಿಂದ ಅದನ್ನು ಹೊರಗೆ ಬಳಸುವಂತಿಲ್ಲ.

ಕೊತ್ತಂಬರಿಗೆ ಏಪ್ರಿಲ್, ಮೆಂತ್ಯಕ್ಕೆ ಮೇ. ಅಲ್ಲಿಯವರೆಗೆ ಕಿಟಕಿಯಲ್ಲಿ ಒಂದು ಕುಂಡ ಸಾಕು. ಹೂವಿನ ನಡುವೆ ಸೊಪ್ಪು ಬೆಳೆದರೆ ಊರವರು ನಗುತ್ತಾರೆಂದು ಹೆದರಬೇಡ. ಈ ಕಾಟೇಜ್ ತೋಟಗಳೆಲ್ಲ ಮೂಲದಲ್ಲಿ ಕೂಲಿಕಾರರ ಹಿತ್ತಲುಗಳೇ, ಎಲೆಕೋಸು, ಈರುಳ್ಳಿ, ಔಷಧಿ ಗಿಡ, ಜೇನುಗೂಡು, ಅವುಗಳ ಸಂದಿಯಲ್ಲಿ ಹೂ. ಶ್ರೀಮಂತರಿಗೆ ಚಂದವಾಗಿ ಕಂಡದ್ದು ಆಮೇಲೆ.

ನಮ್ಮ ಈಗಿನ ಮನೆಯ ಸೇಬಿನ ಮರದಡಿ ಸ್ನೋಡ್ರಾಪ್ ಒತ್ತೊತ್ತಾಗಿ ಬೆಳೆದಿದೆ. ಮಾರ್ಚ್ ಎರಡನೆಯ ಶನಿವಾರ ನಿಮ್ಮ ಕಡೆ ಬರುವುದಿದೆ, ಒಂದು ಕಟ್ಟು ತರುತ್ತೇನೆ. ಹೂ ಬಾಡಿರುತ್ತದೆ, ಎಲೆ ಜೋತಿರುತ್ತದೆ. ಅದೇ ಸಂಜೆ ನೆಡು, ಕತ್ತಲಾಗಿದ್ದರೆ ಟಾರ್ಚ್ ಹಿಡಿದು. ದಂಟಿನ ಬುಡದ ಬಿಳಿ ಭಾಗ ಎಲ್ಲಿಗೆ ಮುಗಿಯುತ್ತದೋ ಅಲ್ಲಿಯವರೆಗೆ ಮಣ್ಣು, ಮೇಲೆ ಒಂದು ಚೊಂಬು ನೀರು. ಕಾಫಿ ಮಾತ್ರ ಕೊಡಬೇಕು.