ಪಿನ್ ಹೊಡೆದ ಕವನ ಪುಸ್ತಕಗಳನ್ನು ದಯವಿಟ್ಟು ಬೈಂಡಿಂಗಿಗೆ ಕೊಡಬೇಡಿ

ಸರ್, ಆ ಕಟ್ಟನ್ನು ಬೈಂಡರಿಗೆ ಕೊಡಬೇಡಿ. ಕೊಟ್ಟಾಗಿದ್ದರೆ ಈಗಲೇ ಫೋನ್ ಮಾಡಿ ನಿಲ್ಲಿಸಿ. "38 ಸಣ್ಣ ಕವನ ಸಂಕಲನಗಳಿವೆ, ಪಿನ್ನೆಲ್ಲ ತುಕ್ಕು ಹಿಡಿದಿದೆ, ಐದೈದು ಸೇರಿಸಿ ಕ್ಯಾಲಿಕೋ ಬಟ್ಟೆಯ ಬೈಂಡ್ ಮಾಡಿಸ್ತೀನಿ, ಆಮೇಲೆ ಒಂದೊಂದಾಗಿ ಇಲ್ಲಿ ಪರಿಚಯ ಬರೀತೀನಿ" ಅಂತ ನಮ್ಮ ಗುಂಪಿನಲ್ಲಿ ಫೋಟೋ ಸಮೇತ ಹಾಕಿದ್ದೀರಲ್ಲ, ಇದೇ ತಪ್ಪು ನಾನೂ ಮಾಡಿದ್ದೆ. ಸರಿಪಡಿಸೋಕೆ ಆಗದ ತಪ್ಪು ಇದು, ಅದಕ್ಕೇ ಇಷ್ಟು ಉದ್ದ ಬರೀತಿದ್ದೀನಿ.

ಬೈಂಡರ್ ಮೊದಲು ಮಾಡೋ ಕೆಲಸ ರಕ್ಷಾಪುಟ ಕಿತ್ತು ಪಕ್ಕಕ್ಕೆ ಹಾಕೋದು. ದಪ್ಪ ಪುಸ್ತಕಕ್ಕೆ ಅದರಿಂದ ಅಂಥಾ ನಷ್ಟ ಇಲ್ಲ, ಒಳಗೆ ಮುದ್ರಣ ವಿವರದ ಪುಟ ಬೇರೆ ಇರುತ್ತೆ. 32 ಪುಟದ್ದು, 48 ಪುಟದ್ದು ಹಾಗಲ್ಲ. ಒಂದು ಫಾರಮ್ಮಿಗೆ, ಅಂದರೆ ಅಚ್ಚು ಹಾಕಿ ಮಡಿಚುವ ಒಂದು ದೊಡ್ಡ ಹಾಳೆಗೆ, 16 ಪುಟದ ಲೆಕ್ಕದಲ್ಲಿ ಎರಡು ಅಥವಾ ಮೂರು ಫಾರಮ್ಮಿಗೆ ಪದ್ಯಗಳನ್ನು ಹೊಂದಿಸಿರುತ್ತಾರೆ, ವಿವರಕ್ಕೆ ಅಂತ ಒಂದು ಪುಟ ಉಳಿದಿರೋದಿಲ್ಲ. ಹಾಗಾಗಿ ವರ್ಷ, ಪ್ರತಿಗಳ ಸಂಖ್ಯೆ, ಹಕ್ಕು, ಪ್ರಕಾಶಕರ ವಿಳಾಸ ಎಲ್ಲ ಮುಖಪುಟದ ಒಳಮೈಗೆ ಹೋಗಿರುತ್ತೆ. ಹಿಂದಿನ ರಕ್ಷಾಪುಟದ ಒಳಮೈಯಲ್ಲಿ ಅದೇ ಪ್ರಕಾಶನದ ಇತರ ಪುಸ್ತಕಗಳ ಪಟ್ಟಿ, ಹೊರಗೆ ಬೆನ್ನುಡಿ, ಕವಿಯ ಫೋಟೋ, ಬೆಲೆ. ರಕ್ಷಾಪುಟ ಹೋದರೆ ಉಳಿಯೋದು ಯಾರು, ಎಲ್ಲಿ, ಯಾವಾಗ ಅಚ್ಚು ಹಾಕಿಸಿದರು ಅಂತ ಗೊತ್ತಿಲ್ಲದ ಒಂದಿಷ್ಟು ಪದ್ಯ.

ಎರಡನೇದು ಅಂಚು. ಐದು ಪುಸ್ತಕ ಸೇರಿಸಿ ಪಕ್ಕದಿಂದ ದಬ್ಬಣ ಚುಚ್ಚಿ ಹೊಲಿದರೆ ಒಳಅಂಚಿನಲ್ಲಿ 8ರಿಂದ 10 ಮಿ.ಮೀ. ಹೋಗುತ್ತೆ, ಮೂರು ಕಡೆ ಕಟಿಂಗ್ ಮಾಡಿದರೆ ಇನ್ನೂ 3-4 ಮಿ.ಮೀ. ಕ್ರೌನ್ 1/8 ಅಳತೆಯ ಪುಸ್ತಕದ ಅಗಲವೇ ಸುಮಾರು 12 ಸೆಂ.ಮೀ. ಒಳಗಿನ ಖಾಲಿ ಜಾಗ ಎಷ್ಟೋ ಸಲ ಅರ್ಧ ಇಂಚು ಕೂಡ ಇರೋದಿಲ್ಲ. ಗದ್ಯವಾದರೆ ಬಗ್ಗಿ ನೋಡಿ ಓದಬಹುದು. ಪದ್ಯದ ಸಾಲುಗಳೆಲ್ಲ ಎಡಕ್ಕೆ ಅಂಟಿಕೊಂಡಿರುತ್ತವೆ, ಬೆಸ ಸಂಖ್ಯೆಯ ಪುಟಗಳಲ್ಲಿ ಹೊಲಿಗೆ ಬರೋದೂ ಎಡಕ್ಕೇ. ಅಂದರೆ ಪ್ರತಿ ಸಾಲಿನ ಮೊದಲ ಒಂದೆರಡು ಅಕ್ಷರಗಳೇ ಹೊಲಿಗೆಯೊಳಗೆ ಸೇರಿಹೋಗುತ್ತವೆ. ಆದಿಪ್ರಾಸ, ಅಂದರೆ ಸಾಲುಗಳ ಎರಡನೇ ಅಕ್ಷರದಲ್ಲಿ ಪ್ರಾಸ, ಇರುವ ಪದ್ಯವಾದರೆ ಕೇಳೋದೇ ಬೇಡ.

ತುಕ್ಕಿಗೆ ಪರಿಹಾರ ಪಿನ್ ತೆಗೆದು ನೂಲಿನಲ್ಲಿ ಹೊಲಿಯೋದು. ಒಂದು ಪುಸ್ತಕಕ್ಕೆ ಇಪ್ಪತ್ತು ನಿಮಿಷ ಸಾಕು. ಪಿನ್ ರಿಮೂವರ್ ಮುಟ್ಟಬೇಡಿ, ಅದು ಬೆನ್ನಿನ ಕಡೆಯಿಂದ ಎಳೆದು ಕಾಗದವನ್ನೂ ಜೊತೆಗೆ ಕಿತ್ತುಕೊಂಡು ಬರುತ್ತೆ. ಪುಸ್ತಕವನ್ನು ನಡುಪುಟಕ್ಕೆ ಬಿಚ್ಚಿ ಮೇಜಿನ ಮೇಲೆ ಚಪ್ಪಟೆ ಇಡಿ. ಪಿನ್ನಿನ ಮಡಿಚಿದ ಕಾಲುಗಳ ಕೆಳಗೆ ಹಳೇ ಎಕ್ಸ್‌ರೇ ಹಾಳೆಯ ಬೆರಳಗಲದ ಚೂರು ತೂರಿಸಿ, ಅದರ ಮೇಲಿಂದ ಮೊಂಡು ಚಾಕುವಿನ ತುದಿಯಲ್ಲಿ ಕಾಲುಗಳನ್ನು ಎತ್ತಿ ನೆಟ್ಟಗೆ ಮಾಡಿ. ಒತ್ತಡ ಹಾಳೆಯ ಮೇಲೆ ಬೀಳಬೇಕು, ಕಾಗದದ ಮೇಲಲ್ಲ. ಆಮೇಲೆ ಪುಸ್ತಕ ತಿರುಗಿಸಿ ಹೊರಗಿನಿಂದ ನಿಧಾನ ಎಳೆಯಿರಿ. ಕಾಲು ಅರ್ಧಕ್ಕೆ ಮುರಿದರೆ ಗಾಬರಿ ಬೇಡ, ತುಂಡನ್ನು ಚಿಮುಟದಲ್ಲಿ ತೆಗೆಯಿರಿ. ಉಳಿದ ಪುಡಿಯನ್ನು ಒಣ ಮೆತ್ತನೆ ಬ್ರಷ್ಷಿನಲ್ಲಿ ಗುಡಿಸಿ. ತುಕ್ಕಿನ ಕಲೆ ಹೋಗಲಿ ಅಂತ ನಿಂಬೆಹಣ್ಣು, ಆಕ್ಸಾಲಿಕ್ ಆಮ್ಲ ಹಚ್ಚಿದರೆ ಕಾಗದ ಅಲ್ಲೇ ಸಾಯುತ್ತೆ. ಕಲೆ ಇರಲಿ ಬಿಡಿ.

ಹೊಲಿಗೆಗೆ ಮೂರು ತೂತು ಬೇಕು. ಮೇಲಿನ ಪಿನ್ನಿನ ಮೇಲ್ತೂತು, ಕೆಳಗಿನ ಪಿನ್ನಿನ ಕೆಳತೂತು ಈಗಾಗಲೇ ಇವೆ, ಸರಿಯಾಗಿ ಮಧ್ಯಕ್ಕೆ ಹೊಸದೊಂದು ಚುಚ್ಚಿಕೊಳ್ಳಿ. ದಾರ ಪುಸ್ತಕದ ಎತ್ತರದ ಎರಡೂವರೆಪಟ್ಟು, ಅಂದರೆ ಡೆಮಿ 1/8 ಅಳತೆಯ ಪುಸ್ತಕಕ್ಕೆ ಹೆಚ್ಚುಕಡಿಮೆ 22 ಇಂಚು. ಒಳಗಿನಿಂದ ಮಧ್ಯದ ತೂತಿಗೆ ಹಾಕಿ ಹೊರಬನ್ನಿ, ಹೊರಗಿಂದಲೇ ಮೇಲಿನ ತೂತಿಗೆ ಹೋಗಿ ಒಳಬನ್ನಿ. ಒಳಗೆ ಮಧ್ಯದ ತೂತನ್ನು ದಾಟಿ ನೇರ ಕೆಳತೂತಿನಲ್ಲಿ ಹೊರಬನ್ನಿ, ಕೊನೆಗೆ ಮಧ್ಯದ ತೂತಿನಿಂದಲೇ ಒಳಗೆ. ಎರಡು ತುದಿಗಳೂ ಒಳಗಿರುವ ಉದ್ದ ದಾರದ ಆಚೆ ಒಂದು, ಈಚೆ ಒಂದು ಇರಬೇಕು, ಆ ದಾರ ಸೇರಿಸಿ ಗಂಟು ಹಾಕಿ. ಎಳೆಯುವಾಗ ಬೆನ್ನಿನ ಉದ್ದಕ್ಕೆ ಎಳೆಯಿರಿ, ನಿಮ್ಮ ಕಡೆಗೆ ಎಳೆದರೆ ತೂತು ಸೀಳುತ್ತೆ. ಟೈಲರ್ ಮಿಷನ್ನಿನ ಪಾಲಿಯೆಸ್ಟರ್ ದಾರ ಬೇಡ, ಸಣ್ಣಗೆ ಗಟ್ಟಿಯಾಗಿದ್ದು ಕಾಗದವನ್ನು ಕೊಯ್ಯುತ್ತೆ. ಕಸೂತಿಗೆ ಮಾರುವ ಆರೆಳೆಯ ಆ್ಯಂಕರ್ ಹತ್ತಿ ನೂಲಿನಲ್ಲಿ ಮೂರೆಳೆ ಬಿಡಿಸಿಕೊಂಡರೆ ಸಾಕು, ಎಲ್ಲ ಊರಲ್ಲೂ ಸಿಗುತ್ತೆ. ಬಿಳಿ ಅಥವಾ ಕೆನೆ ಬಣ್ಣದ್ದು ಮಾತ್ರ. ಕೆಂಪು ನೂಲು ಚಂದ ಕಾಣುತ್ತೆ ಅಂತ ಹಾಕಿದರೆ ಮಳೆಗಾಲದಲ್ಲಿ ಬಣ್ಣ ಬಿಟ್ಟು ನಡುಪುಟ ಹಾಳಾಗಬಹುದು.

ಒಂದು ಎಚ್ಚರ: ಮಡಿಕೆಯ ಜಾಗ ಬೆರಳಿಗೆ ಪುಡಿ ಬರೋ ಸ್ಥಿತಿಯಲ್ಲಿದ್ದರೆ ಹೊಲಿಯಲೇಬೇಡಿ. ಪಿನ್ ಮಾತ್ರ ತೆಗೆದು, ಹಾಳೆಗಳನ್ನು ಕ್ರಮವಾಗಿ ಜೋಡಿಸಿ ದಪ್ಪ ಕಾಗದದ ಮಡಿಕೆಯೊಳಗೆ ಇಡಿ. ಎಪ್ಪತ್ತು-ಎಂಬತ್ತರ ದಶಕದಲ್ಲಿ ನ್ಯೂಸ್‌ಪ್ರಿಂಟಿನಂಥ ಕಾಗದದಲ್ಲಿ ಬಂದವು ಬಹಳಷ್ಟು ಹೀಗೇ ಆಗಿರುತ್ತವೆ.

ಅಂಟಿನ ವಿಷಯಕ್ಕೆ ಬಂದರೆ, ಫೆವಿಕಾಲ್ ಮರಕ್ಕೆ ಒಳ್ಳೇದು, ಪುಸ್ತಿಕೆಗೆ ಬೇಡ; ಒಣಗಿದ ಮೇಲೆ ಕಾಗದ ಹರಿಯದೆ ಬಿಡಿಸಿಕೊಳ್ಳೋಕೆ ಆಗೋದಿಲ್ಲ. ಸೆಲ್ಲೋಟೇಪ್ ಇನ್ನೂ ಕೆಟ್ಟದ್ದು. ಕೆಲವೇ ವರ್ಷದಲ್ಲಿ ಟೇಪು ಉದುರುತ್ತೆ, ಕಂದು ಗೋಂದು ಅಕ್ಷರಗಳ ಮೇಲೆ ಉಳಿಯುತ್ತೆ. ಬೈಂಡರುಗಳು ಹುಳ ಬರಬಾರದು ಅಂತ ಮೈದಾ ಅಂಟಿಗೆ ಮೈಲುತುತ್ತ ಹಾಕ್ತಾರೆ, ಅದರಲ್ಲಿರೋ ತಾಮ್ರ ಕಾಗದ ಬೇಗ ಕಂದಿ ಮುರಿಯೋ ಹಾಗೆ ಮಾಡುತ್ತೆ. ರಕ್ಷಾಪುಟ ಹರಿದಿದ್ದರೆ ಏನೂ ಸೇರಿಸದ ಗೋಧಿ ಪಿಷ್ಟದ ಅಂಟು, ತೆಳು ಟಿಶ್ಯೂ ಕಾಗದದ ಪಟ್ಟಿ, ಅಷ್ಟೇ. ಲ್ಯಾಮಿನೇಷನ್ ಮಾಡಿಸಿ ಅಂತ ನಿಮ್ಮ ಪೋಸ್ಟಿಗೆ ಇನ್ನೊಬ್ಬರು ಸಲಹೆ ಕೊಟ್ಟಿದ್ದಾರೆ. ದಯವಿಟ್ಟು ಅಂಥ ಸಲಹೆ ಕೊಡಬೇಡಿ. ಬಿಸಿ ರೋಲರಿನಲ್ಲಿ ಹೋದದ್ದು ವಾಪಸ್ ಬರೋದಿಲ್ಲ.

ಇಡುವುದಕ್ಕೆ ಪಿವಿಸಿ ಪೌಚ್ ತಗೋಬೇಡಿ. ಹೊಸ ಮಳೆಕೋಟಿನ ವಾಸನೆ ಬಂತು ಅಂದರೆ ಅದು ಪಿವಿಸಿ, ದಿನ ಕಳೆದಂತೆ ಶಾಯಿ ಎತ್ತಿಕೊಳ್ಳುತ್ತೆ. ಪಾಲಿಪ್ರೊಪಿಲೀನಿನದು, ಅಂಗಡಿಯಲ್ಲಿ ಪಿಪಿ ಕವರ್ ಅಂತಾರೆ, ಅದು ಪರವಾಗಿಲ್ಲ. ಬಾಯಿ ಪೂರ್ತಿ ಮುಚ್ಚಬೇಡಿ, ಕರಾವಳಿ, ಮಲೆನಾಡಿನವರಂತೂ ಮುಚ್ಚಲೇಬೇಡಿ. ಗಾಳಿಯ ತೇವ ಶೇ. 65 ದಾಟಿ ನಿಂತರೆ ಬೂಷ್ಟು ಬರೋ ಅಪಾಯ ಹೆಚ್ಚು. ತೆಳು ಪುಸ್ತಕ ನೆಟ್ಟಗೆ ನಿಲ್ಲಿಸಿದರೆ ಸೊಂಟ ಬಗ್ಗುತ್ತೆ, ಪೆಟ್ಟಿಗೆಯಲ್ಲಿ ಮಲಗಿಸಿ, ಒಂದರ ಮೇಲೊಂದು 15ಕ್ಕಿಂತ ಹೆಚ್ಚು ಬೇಡ. ಬೇವಿನ ಎಲೆ ಇಡೋರು ಪೂರ್ತಿ ಒಣಗಿಸಿ ಇಡಿ, ಹಸಿ ಎಲೆಯಿಂದಲೇ ಬೂಷ್ಟು ಶುರುವಾಗುತ್ತೆ. ನಿಮ್ಮ ಹೆಸರು, ಕ್ರಮಸಂಖ್ಯೆ ಬರೆಯೋದಿದ್ದರೆ ಪೆನ್ಸಿಲ್ಲಿನಲ್ಲಿ. ರಬ್ಬರ್ ಸ್ಟಾಂಪು, ಸ್ಟಿಕ್ಕರು ಎರಡೂ ಬೇಡ.

ಈಗ ಪರಿಚಯ ಬರೆಯೋದು. ಇದಕ್ಕೂ ರಕ್ಷಾಪುಟಕ್ಕೂ ನೇರ ಸಂಬಂಧ ಇದೆ. ಯುನೆಸ್ಕೋ 1964ರಲ್ಲಿ ಮಾಡಿದ ಲೆಕ್ಕದ ಪ್ರಕಾರ ರಕ್ಷಾಪುಟ ಬಿಟ್ಟು ಕನಿಷ್ಠ 49 ಪುಟ ಇದ್ದರೆ ಮಾತ್ರ ಅದು ಪುಸ್ತಕ, 5ರಿಂದ 48 ಪುಟದವರೆಗೆ ಪುಸ್ತಿಕೆ. ನಿಮ್ಮ 48 ಪುಟದವು ಒಂದೇ ಪುಟದಲ್ಲಿ ಆಚೆ ಉಳಿದವು. ಇಂಥವು ಗ್ರಂಥಾಲಯದ ಸೂಚಿಗೇ ಏರದೆ ಕಟ್ಟುಗಳಲ್ಲಿ ಉಳಿದುಬಿಡೋದು ಹೊಸದಲ್ಲ. 300 ಪ್ರತಿ ಅಚ್ಚಾದ ಪುಸ್ತಿಕೆಯ ಬಗ್ಗೆ ನೀವು ಬರೆಯೋದೇ ಅದರ ಏಕೈಕ ದಾಖಲೆ ಆಗಬಹುದು. ಆದ್ದರಿಂದ ಅಭಿಪ್ರಾಯಕ್ಕೆ ಮೊದಲು ವಿವರ: ಹೆಸರು, ಕವಿ, ಪ್ರಕಾಶನ, ಊರು, ವರ್ಷ, ಎಷ್ಟನೇ ಮುದ್ರಣ, ಉದ್ದಗಲ ಸೆಂ.ಮೀ.ನಲ್ಲಿ, ಪುಟ, ಎಷ್ಟು ಪದ್ಯ, ಬೆಲೆ, ಮುಖಪುಟ ಯಾರದು, ಎಲ್ಲಿ ಅಚ್ಚಾಯಿತು, ಪಿನ್ನೋ ಅಂಟೋ, ಮೊಳೆ ಜೋಡಣೆಯೋ (ಲೋಹದ ಅಚ್ಚಕ್ಷರ ಜೋಡಿಸಿ ಮಾಡಿದ ಮುದ್ರಣ) ಆಫ್‌ಸೆಟ್ಟೋ. ಪುಟದ ಹಿಂಬದಿ ಬೆರಳಾಡಿಸಿದರೆ ಮೊಳೆಯ ಒತ್ತು ತಿಳಿಯುತ್ತೆ.

ವರ್ಷ ಹಾಕಿಲ್ಲದಿದ್ದರೆ ಹುಡುಕೋ ದಾರಿ ಇದೆ. ಬೆಲೆ ಆಣೆಯಲ್ಲಿದ್ದರೆ ಹೆಚ್ಚಾಗಿ 1957ರ ಏಪ್ರಿಲ್‌ಗೆ ಮುಂಚಿನದು, ನಯಾಪೈಸೆಯಲ್ಲಿದ್ದರೆ 1957-64ರ ಆಸುಪಾಸು. ವಿಳಾಸದಲ್ಲಿ ಆರಂಕಿಯ ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ 15ರ ನಂತರದ್ದು. ಇದನ್ನೇ ತಿರುಗಿಸಿ ಲೆಕ್ಕ ಹಾಕಬೇಡಿ: "ಬೆಂಗಳೂರು-4" ಅಂತ ಮಾತ್ರ ಇದೆ, ಹಾಗಾಗಿ 1972ಕ್ಕಿಂತ ಹಿಂದಿನದು ಅನ್ನೋಕಾಗಲ್ಲ, ಜನ ಎಷ್ಟೋ ವರ್ಷ ಹಾಗೇ ಬರೆಯುತ್ತಿದ್ದರು. "ಮೈಸೂರು ರಾಜ್ಯ" ಅಂತಿದ್ದರೆ ಹೆಸರು ಬದಲಾದ 1973ರ ನವೆಂಬರ್ 1 ನೆನಪಿಡಿ. 13 ಅಂಕಿಯ ಐಎಸ್‌ಬಿಎನ್ ಬಳಕೆಗೆ ಬಂದದ್ದು 2007ರಿಂದ. ಮುದ್ರಣಾಲಯದ ಹೆಸರು ಕಾಣದಿದ್ದರೆ ಕೊನೇ ಪುಟದ ತಳ ನೋಡಿ. 1867ರ ಕಾಯ್ದೆಯ ಪ್ರಕಾರ ಮುದ್ರಕರ ಹೆಸರು, ಊರು ಹಾಕಲೇಬೇಕಿತ್ತು, ಹಾಗಾಗಿ ಎಲ್ಲೋ ಒಂದು ಕಡೆ ಸಣ್ಣ ಅಕ್ಷರದಲ್ಲಿ ಇರುತ್ತೆ. ಹಳೇ ದಾಸ್ತಾನಿನ ಮೇಲೆ ಹೊಸ ಬೆಲೆಯ ಚೀಟಿ ಅಂಟಿಸಿರೋದೂ ಉಂಟು, ಚೀಟಿ ಕೀಳದೆ ಬೆಳಕಿಗೆ ಹಿಡಿದು ನೋಡಿ.

ಬರೆಯೋಕೆ ಕೂತಾಗ ಮುನ್ನುಡಿ, ಬೆನ್ನುಡಿ ಕೊನೆಗೆ ಓದಿ. ಈ ಗುಂಪಿನಲ್ಲಿ ಬರುವ ಪರಿಚಯಗಳಲ್ಲಿ ಮುನ್ನುಡಿಕಾರರ ಮಾತುಗಳೇ ತಿರುಗಿ ಬರ್ತಿವೆ, "ಭರವಸೆ ಮೂಡಿಸುವ ಕವಿ" ಅನ್ನೋದಂತೂ ಪ್ರತಿ ಸಲ. ಅದರಿಂದ ಆ ಕವಿಗೂ ಲಾಭ ಇಲ್ಲ. ಪದ್ಯಗಳನ್ನು ಒಂದು ಸಲ ಗಟ್ಟಿಯಾಗಿ ಓದಿ, ಎರಡು ದಿನ ಬಿಟ್ಟು ಮತ್ತೆ ಓದಿ. ಗೆದ್ದ ಪದ್ಯ ಒಂದು, ಸೋತ ಪದ್ಯ ಒಂದು ಆರಿಸಿ, ಪುಟಸಂಖ್ಯೆ ಕೊಟ್ಟು, ಯಾವ ಸಾಲಿನಲ್ಲಿ ಗೆದ್ದಿತು, ಎಲ್ಲಿ ಸೋತಿತು ಅಂತ ಹೇಳಿ. ಕವಿಯೇ ಕೊಟ್ಟ ಗೌರವ ಪ್ರತಿಯಾದರೆ ಅದನ್ನೂ ಬರೆಯಿರಿ. ವಿಮರ್ಶೆಗೆ ಸಾಲು ಎತ್ತಿಕೊಳ್ಳೋಕೆ 1957ರ ಹಕ್ಕುಸ್ವಾಮ್ಯ ಕಾಯ್ದೆಯಲ್ಲೇ ಅವಕಾಶ ಇದೆ, ಆದರೆ ಹತ್ತು ಸಾಲಿನ ಪದ್ಯ ಇಡೀ ಫೋಟೋ ಹೊಡೆದು ಹಾಕೋದು ವಿಮರ್ಶೆ ಅಲ್ಲ.

ಸಾಲು ನಕಲು ಮಾಡುವಾಗ ಎಲ್ಲರೂ ಎಡವೋ ಜಾಗ ಒಂದಿದೆ. ಕ್ರೌನ್ ಪುಟದ ಅಗಲ ಸಾಲದೆ ಉದ್ದ ಸಾಲನ್ನು ಮುರಿದು ಕೆಳಗೆ ಒಳಸರಿಸಿ ಕೂರಿಸಿರುತ್ತಾರೆ. "ಮಳೆ ನಿಂತ ಮೇಲೂ ಹಂಚಿನ ತುದಿಗೆ ಜೋತ" ಅಂತ ಒಂದು ಸಾಲು, ಕೆಳಗೆ ಬಲಕ್ಕೆ ಸರಿದು "ಹನಿ" ಅಂತಿದ್ದರೆ, ಆ "ಹನಿ" ಬೇರೆ ಸಾಲೋ, ಜಾಗ ಸಾಲದೆ ಇಳಿದದ್ದೋ? ಅದೇ ಪುಸ್ತಕದ ಇತರ ಪುಟಗಳಲ್ಲಿ ಅತಿ ಉದ್ದ ಸಾಲು ಎಲ್ಲಿಗೆ ಮುಟ್ಟುತ್ತೆ ಅಂತ ಸ್ಕೇಲ್ ಇಟ್ಟು ನೋಡಿ. ಮೇಲಿನ ಸಾಲು ಅಂಚಿನವರೆಗೂ ಹೋಗಿದ್ದರೆ ಇಳಿದದ್ದು, ಒಂದೇ ಸಾಲಾಗಿ ಬರೆಯಿರಿ. ಅಂಚಿಗೆ ಇನ್ನೂ ಜಾಗ ಇದ್ದರೆ ಕವಿ ಬೇಕಂತಲೇ ಮುರಿದದ್ದು. ಛಂದಸ್ಸಿನ ಪದ್ಯವಾದರೆ ಮಾತ್ರೆ ಎಣಿಸಿದರೆ ಸಂಶಯವೇ ಉಳಿಯೋದಿಲ್ಲ. ಬೈಂಡಿಂಗಿನಲ್ಲಿ ಅಂಚು ಕತ್ತರಿಸಿದ ಪ್ರತಿಯಲ್ಲಿ ಈ ಪರೀಕ್ಷೆಯನ್ನೇ ಸರಿಯಾಗಿ ಮಾಡೋಕಾಗಲ್ಲ. ಕವಿ ಕಳಿಸಿದ ಹಳೇ ನುಡಿ ತಂತ್ರಾಂಶದ ಫೈಲಿನಿಂದ ಯೂನಿಕೋಡಿಗೆ ಬದಲಾಯಿಸಿ ಅಂಟಿಸೋರು ಅರ್ಕಾವತ್ತು, ಒತ್ತಕ್ಷರ ಅಚ್ಚಿನ ಜೊತೆ ಒಂದೊಂದಾಗಿ ತಾಳೆ ನೋಡಿ.

ಸ್ಕ್ಯಾನ್ ಮಾಡೋದಾದರೆ ಮೊಬೈಲ್ ಆ್ಯಪ್‌ಗಳು ಪುಟವನ್ನು ಬೆಳ್ಳಗೆ ಮಾಡಿ ಪೆನ್ಸಿಲ್ ಗುರುತು ಅಳಿಸುತ್ತವೆ. ಫ್ಲ್ಯಾಟ್‌ಬೆಡ್ ಸ್ಕ್ಯಾನರಿನಲ್ಲಿ ಬಣ್ಣದಲ್ಲೇ ಮಾಡಿ, ಒಳಪುಟ 300 ಡಿಪಿಐ, ರಕ್ಷಾಪುಟದ ನಾಲ್ಕೂ ಮೈ 600. ಗ್ರೂಪಿಗೆ ಹಾಕುವ ಮುಂಚೆ ಕೈಬರಹದ ವಿಳಾಸ, ಫೋನ್ ನಂಬರ್ ಮುಚ್ಚಿ.

ಇನ್ನೂ ಕೂಡಿಸೋ ಆಸೆ ಇದ್ದರೆ ಧಾರವಾಡಕ್ಕೆ ಹೋದಾಗ ಸುಭಾಸ ರಸ್ತೆಯ ಮನೋಹರ ಗ್ರಂಥಮಾಲೆ ಪ್ರಕಾಶನದ ಅಟ್ಟ ಹತ್ತಿ ಬನ್ನಿ. ಚಿ. ಶ್ರೀನಿವಾಸರಾಜು ಅವರ ಕಾಳಜಿಯಿಂದ ಬೆಂಗಳೂರಿನ ಕ್ರೈಸ್ಟ್ ಕಾಲೇಜು ಕನ್ನಡ ಸಂಘ ತಂದ ಎಳೆಯರ ಕವನ ಪುಸ್ತಕಗಳು ಹಳೇ ಪುಸ್ತಕದಂಗಡಿಯಲ್ಲಿ ಕಂಡರೆ ಬಿಡಬೇಡಿ. ಅಂಚೆಯಲ್ಲಿ ತರಿಸೋಕೆ 2025ರ ಮೇ 1ರಿಂದ ಪುಸ್ತಕಗಳಿಗೆ ಅಂತಲೇ ಅಂಚೆ ಇಲಾಖೆಯ ಜ್ಞಾನ ಪೋಸ್ಟ್ ಇದೆ, 300 ಗ್ರಾಂವರೆಗೆ 20 ರೂಪಾಯಿ, 5 ಕೆ.ಜಿ.ಗೆ 100, ತೆರಿಗೆ ಬೇರೆ. ಇಂಥ ಪುಸ್ತಿಕೆ ಎರಡು ಸೇರಿದರೂ 300 ಗ್ರಾಂ ದಾಟೋದು ಕಷ್ಟ. ಎರಡೂ ಬದಿಗೆ ರಟ್ಟು ಇಟ್ಟು ಕಳಿಸೋಕೆ ಹೇಳಿ.

ನಿಮ್ಮ ಫೋಟೋದಲ್ಲಿ ಎಡತುದಿಗೆ ನೀಲಿ ರಕ್ಷಾಪುಟದ್ದೊಂದು ಇದೆಯಲ್ಲ, ಬೆಲೆ "50 ನ.ಪೈ." (ನಯಾಪೈಸೆ) ಅಂತ ಓದೋಕೆ ಬರ್ತಿದೆ. ಅದರ ಪಿನ್ ಮುಟ್ಟೋ ಮುಂಚೆ ಮುಖಪುಟದ ಒಳಮೈ, ಕೊನೇ ಪುಟದ ತಳ ಎರಡನ್ನೂ ಹತ್ತಿರದಿಂದ ಫೋಟೋ ತೆಗೆದು ಇಲ್ಲಿ ಹಾಕಿ.