ಫಾರ್ಮ್ ಮೇಲೆ ಯಾರ ಹೆಸರಿತ್ತೋ ಅವರನ್ನೇ ಯಾರೂ ಕೇಳ್ಲಿಲ್ಲ

ಹಾಸನದಿಂದ ರಿಟೈರ್ಡ್ ಬ್ಯಾಂಕ್ ಮ್ಯಾನೇಜರ್ ಒಬ್ಬರು ಪತ್ರ ಬರೆದಿದಾರೆ. ಸರ್ಕಾರದ ಕಾಂಟ್ರ್ಯಾಕ್ಟ್ ತಗೊಂಡು ನಿರುದ್ಯೋಗಿಗಳಿಗೆ ಕೆಲಸ ಹುಡುಕಿಕೊಡ್ತಿದ್ದ ಬ್ರಿಟನ್ನಿನ ಎ4ಇ ಕಂಪನಿ ಬಗ್ಗೆ ಹೋದ ತಿಂಗಳು ನಾವು ಹಾಕಿದ ಲೇಖನ ಅವರಿಗೆ ಸರಿ ಅನ್ನಿಸಿಲ್ಲ. "ಕೋರ್ಟು ಶಿಕ್ಷೆ ಕೊಟ್ಟಿದ್ದು ಹತ್ತು ಜನ ನೌಕರರಿಗೆ, ನೀವು ಬರೆದಿದ್ದು 'ಕಳ್ಳರ ಕಂಪನಿ' ಅಂತ. ನನ್ನ ತಂಗಿ ಮಗಳು ಬರ್ಮಿಂಗ್‌ಹ್ಯಾಮಲ್ಲಿ ನಿರುದ್ಯೋಗಿಗಳಿಗೆ ಕೆಲಸ ಹುಡುಕಿಕೊಡೋ ಇಂಥದೇ ಒಂದು ಆಫೀಸಲ್ಲಿದಾಳೆ, ಒಂದು ಸುಳ್ಳು ಸಹಿ ಹಾಕೋಳಲ್ಲ. ಕೆಲಸ ಕೊಡಿಸಿದ್ರೆ ಮಾತ್ರ ದುಡ್ಡು ಅನ್ನೋದಕ್ಕಿಂತ ಒಳ್ಳೆ ಪದ್ಧತಿ ಯಾವುದಿದೆ ಹೇಳಿ" ಅಂತ ಕೇಳಿದಾರೆ.

ಸಾರ್, ಮೊದಲನೇ ಮಾತು ನಿಮ್ಮದೇ ಸರಿ. 'ಕಳ್ಳರ ಕಂಪನಿ' ಅನ್ನೋ ಹೆಡ್ಡಿಂಗ್ ನಾವು ಹಾಕಬಾರದಿತ್ತು, ಅದು ನನ್ನ ಟೇಬಲ್ ದಾಟಿಯೇ ಹೋಗಿದ್ದು, ಹಾಗಾಗಿ ತಪ್ಪು ನನ್ನದು. ಮಾರ್ಚ್ 2015ರಲ್ಲಿ ಕೆಲಸ ಕೊಡಿಸಿದೀವಿ ಅಂತ ಸುಳ್ಳು ದಾಖಲೆ ಮಾಡಿದ್ದಕ್ಕೆ ರೆಡಿಂಗ್ ಕ್ರೌನ್ ಕೋರ್ಟು ಶಿಕ್ಷೆ ಕೊಟ್ಟಿದ್ದು ಎ4ಇಯ ಹತ್ತು ಜನ ಮಾಜಿ ನೌಕರರಿಗೆ, ಅದರಲ್ಲಿ ಆರು ಜನ ಜೈಲಿಗೆ ಹೋದ್ರು, ಕಂಪನಿ ಮೇಲೆ ತೀರ್ಪು ಬಂದಿಲ್ಲ. ಈ ಮೋಸ ಮೊದಲು ಬಯಲಿಗೆ ಬಂದಿದ್ದು ನಮ್ಮದೇ ಒಳಗಿನ ತನಿಖೆಯಿಂದ ಅಂತ ಕಂಪನಿ ಹೇಳಿಕೊಂಡಿತ್ತು, ಅದನ್ನೂ ನಾವು ಹಾಕಬೇಕಿತ್ತು.

ಆದ್ರೆ ಅಷ್ಟಕ್ಕೇ ಫೈಲ್ ಕ್ಲೋಸ್ ಮಾಡೋಕೆ ನನ್ನಿಂದ ಆಗ್ತಿಲ್ಲ, ಯಾಕೆ ಅಂತ ನಿಮಗೆ ನಿಮ್ಮ ಬ್ಯಾಂಕಿನ ಲೆಕ್ಕದಲ್ಲೇ ಹೇಳ್ತೀನಿ. ನಿಮ್ಮ ಬ್ರಾಂಚಲ್ಲಿ ವೋಚರ್ ಬರೆಯೋನು ಒಬ್ಬ, ಪಾಸ್ ಮಾಡೋನು ಇನ್ನೊಬ್ಬ, ಅಲ್ವಾ? ಬರೆದೋನೇ ಪಾಸ್ ಮಾಡಿದ್ರೆ ಅವನು ಎಷ್ಟೇ ಒಳ್ಳೆಯವನಾಗಿದ್ರೂ ಇನ್‌ಸ್ಪೆಕ್ಷನ್‌ಗೆ ಬಂದೋರು ಸುಮ್ಮನೆ ಬಿಡ್ತಿರಲಿಲ್ಲ. ಆ ಕೇಸಲ್ಲಿ ನಡೆದಿದ್ದು ಏನು ನೋಡಿ. ಒಂಟಿಯಾಗಿ ಮಕ್ಕಳನ್ನ ಸಾಕ್ತಿರೋ ಅಪ್ಪ ಅಮ್ಮಂದಿರಿಗೆ ಕೆಲಸ ಹುಡುಕಿಕೊಡೋ ಒಂದು ಸ್ಕೀಮ್. ಯಾರಿಗೆ ಕೆಲಸ ಸಿಕ್ತು ಅನ್ನೋ ಫಾರ್ಮ್ ತುಂಬೋದು ಕಂಪನಿ ನೌಕರರು, ಆ ಫಾರ್ಮ್ ನೋಡಿ ಸರ್ಕಾರ ದುಡ್ಡು ಕೊಡೋದು ಕಂಪನಿಗೆ, ಟಾರ್ಗೆಟ್ ಮುಟ್ಟಿದ್ರೆ ಬೋನಸ್ ಸಿಗೋದು ಮತ್ತೆ ಅದೇ ನೌಕರರಿಗೆ. ಅವರು ಫೈಲು, ಟೈಮ್‌ಶೀಟು, ಕೆಲಸ ಸಿಕ್ಕಿದ್ದಕ್ಕೆ ಪುರಾವೆ ಪತ್ರ ಎಲ್ಲಾ ನಕಲಿ ಮಾಡಿ ಮೂರು ಲಕ್ಷ ಪೌಂಡಿನ ಹತ್ತಿರ ಹತ್ತಿರ ಸರ್ಕಾರದ ದುಡ್ಡು ಕ್ಲೇಮ್ ಆಗೋ ಹಾಗೆ ಮಾಡಿದ್ರು. ಮಾಡಿದ್ದು ಅವರೇ, ಶಿಕ್ಷೆ ಆಗಬೇಕಾಗಿದ್ದೇ. ಆದ್ರೆ ಬರೆಯೋದು ಪಾಸ್ ಮಾಡೋದು ಎರಡೂ ಒಂದೇ ಕಡೆ ಇಟ್ಟ ಆ ಏರ್ಪಾಡು ಮಾಡಿದೋರು ಯಾರು?

ಮೇಲಿನೋರ ಕಥೆ ಬೇರೆ ಥರ ಮುಗೀತು. ಕಂಪನಿ ಕಟ್ಟಿದ ಎಮ್ಮಾ ಹ್ಯಾರಿಸನ್‌ರನ್ನ ಪ್ರಧಾನಿ ಡೇವಿಡ್ ಕ್ಯಾಮೆರಾನ್ 2010ರಲ್ಲಿ ಕಷ್ಟದಲ್ಲಿರೋ ಕುಟುಂಬಗಳಿಗೆ ಸಹಾಯ ಮಾಡೋ ಹುದ್ದೆಗೆ ತಗೊಂಡಿದ್ರು. 2011ರಲ್ಲಿ ಅವರು ಡಿವಿಡೆಂಡ್ ಅಂತ ತಗೊಂಡಿದ್ದು 86 ಲಕ್ಷ ಪೌಂಡ್, ಅದೂ ಬ್ರಿಟನ್ನಲ್ಲಿ ಸರ್ಕಾರದ ಕಾಂಟ್ರ್ಯಾಕ್ಟ್ ಮೇಲೇ ನಿಂತಿದ್ದ ಕಂಪನಿಯಿಂದ. ಆಗ 25 ದಾಟಿದ ಒಬ್ಬ ನಿರುದ್ಯೋಗಿಗೆ ವಾರಕ್ಕೆ ಸಿಗ್ತಿದ್ದ ಭತ್ಯೆ 67.50 ಪೌಂಡ್. ನಾನು ಕೂತು ಲೆಕ್ಕ ಹಾಕಿದೆ, ಆ ಒಂದು ಡಿವಿಡೆಂಡಲ್ಲಿ ಸುಮಾರು 2,450 ಜನರ ಇಡೀ ವರ್ಷದ ಭತ್ಯೆ ಬರುತ್ತೆ. ಡಿವಿಡೆಂಡ್ ತಗೊಳೋದು ಕಾನೂನು ಪ್ರಕಾರ ತಪ್ಪಲ್ಲ, ಒಪ್ತೀನಿ, ಆದ್ರೂ ಆ ಸಂಖ್ಯೆ ನನ್ನ ತಲೆಯಿಂದ ಹೋಗ್ತಾ ಇಲ್ಲ. ಫೆಬ್ರವರಿ 2012ರಲ್ಲಿ ಗಲಾಟೆ ಜೋರಾದಾಗ ಅವರು ಸರ್ಕಾರದ ಆ ಹುದ್ದೆಗೂ ಕಂಪನಿಯ ಅಧ್ಯಕ್ಷ ಸ್ಥಾನಕ್ಕೂ ರಾಜೀನಾಮೆ ಕೊಟ್ರು. ಮೇ ತಿಂಗಳಲ್ಲಿ, ಈ ಕಾಂಟ್ರ್ಯಾಕ್ಟ್‌ಗಳನ್ನ ಕೊಡ್ತಿದ್ದ ಸರ್ಕಾರದ ಇಲಾಖೆ ಏನು ಹೇಳ್ತು ಅಂದ್ರೆ, ನಮ್ಮ ಆಡಿಟ್‌ನಲ್ಲಿ ಮೋಸಕ್ಕೆ ಸಾಕ್ಷಿ ಸಿಕ್ಕಿಲ್ಲ, ಆದ್ರೆ ಮುಂದುವರಿಸೋದು ತುಂಬಾ ರಿಸ್ಕ್ ಅಂತ ಆಗ್ನೇಯ ಇಂಗ್ಲೆಂಡಿನ ಒಂದು ಕಾಂಟ್ರ್ಯಾಕ್ಟ್ ಮಾತ್ರ ಕಿತ್ತುಕೊಳ್ತು. ದೊಡ್ಡ ದೊಡ್ಡ ಕಾಂಟ್ರ್ಯಾಕ್ಟೆಲ್ಲಾ ಅವರ ಹತ್ರಾನೇ ಉಳೀತು. ಮಾರ್ಗರೆಟ್ ಹಾಜ್ ಅಧ್ಯಕ್ಷರಾಗಿದ್ದ ಪಾರ್ಲಿಮೆಂಟಿನ ಪಬ್ಲಿಕ್ ಅಕೌಂಟ್ಸ್ ಕಮಿಟಿ ಇಲಾಖೆನ ತರಾಟೆಗೆ ತಗೊಂಡಿದ್ದು ಇದಕ್ಕೇ, ದೂರು ಬಂದಾಗೆಲ್ಲಾ ಆ ಒಂದು ದೂರನ್ನ ಮಾತ್ರ ನೋಡಿದ್ರಿ, ಇಡೀ ಕಂಪನಿಲಿ ಇದು ಹರಡಿದೆಯಾ ಅಂತ ನೋಡ್ಲಿಲ್ಲ ಅಂತ.

ಈಗ ಇನ್ನೊಂದು ಕಡೆ ನೋಡಿ. ಅಕ್ಟೋಬರ್ 2012ರಿಂದ ಬಂದ ರೂಲ್ಸ್ ಪ್ರಕಾರ ನಿರುದ್ಯೋಗಿ ಸರಿಯಾದ ಕಾರಣ ಇಲ್ಲದೆ ಎ4ಇ ಥರದ ಕಾಂಟ್ರ್ಯಾಕ್ಟರ್ ಕರೆದ ಅಪಾಯಿಂಟ್‌ಮೆಂಟ್ ತಪ್ಪಿಸಿದ್ರೆ ಮೊದಲ ಸಲಕ್ಕೇ ನಾಲ್ಕು ವಾರದ ಭತ್ಯೆ ಕಟ್ ಆಗ್ತಿತ್ತು, ಮತ್ತೆ ತಪ್ಪಿಸಿದ್ರೆ 13 ವಾರ. ಕೆಲಸ ಬೇಡ ಅನ್ನೋ ಥರದ ದೊಡ್ಡ ತಪ್ಪು ಮೇಲಿಂದ ಮೇಲೆ ಆದ್ರೆ ಮೂರು ವರ್ಷದವರೆಗೂ ನಿಲ್ಲಿಸಬಹುದಿತ್ತು. ಬಸ್ ಮಿಸ್ ಆಗಿ ಅಪಾಯಿಂಟ್‌ಮೆಂಟ್ ತಪ್ಪಿದೋನು ಅದು ಸರಿಯಾದ ಕಾರಣ ಅಂತ ತಾನೇ ಹೋಗಿ ಒಪ್ಪಿಸಬೇಕು. ಕಂಪನಿ ಮೇಲೆ ದೂರು ಬಂದ್ರೆ ಮಾತ್ರ ಸಾಕ್ಷಿ ಎಲ್ಲಿ ಅಂತ ಕೇಳ್ತಾರೆ, ಸಾಕ್ಷಿ ಇರೋದು ಕಂಪನಿಯ ಬೀರುವಲ್ಲಿ. ಅಲ್ಲಿನ ಮಾಹಿತಿ ಕಾಯ್ದೆ ಖಾಸಗಿ ಕಾಂಟ್ರ್ಯಾಕ್ಟರಿಗೆ ನೇರವಾಗಿ ಅನ್ವಯ ಆಗಲ್ಲ, ಹಾಗಾಗಿ ಆ ಬೀರು ತೆಗೆಸೋಕೆ ಸಾಮಾನ್ಯ ಜನಕ್ಕೆ ದಾರಿಯೂ ಇಲ್ಲ.

'ಕೆಲಸ ಕೊಡಿಸಿದ್ರೆ ಮಾತ್ರ ದುಡ್ಡು' ಅಂದ್ರಲ್ಲ, ಜೂನ್ 2011ರಲ್ಲಿ ಶುರುವಾದ, ನಿರುದ್ಯೋಗಿಗಳಿಗೆ ಕೆಲಸ ಕೊಡಿಸೋ ವರ್ಕ್ ಪ್ರೋಗ್ರಾಂ ಅನ್ನೋ ಬ್ರಿಟನ್ ಸರ್ಕಾರದ ಸ್ಕೀಮಲ್ಲಿ ಅದನ್ನೇ ಮಾಡೋಕೆ ಹೊರಟರು. ಹಳೇದಕ್ಕಿಂತ ಅದು ವಾಸಿ, ಬಹಳಷ್ಟು ಜನರ ವಿಷಯದಲ್ಲಿ ಆರು ತಿಂಗಳು ಕೆಲಸದಲ್ಲಿ ಉಳಿದ ಮೇಲೇ ದೊಡ್ಡ ಪೇಮೆಂಟು. ಆದ್ರೆ ಶುರುವಿನ ವರ್ಷಗಳಲ್ಲಿ ಹೆಸರು ನೋಂದಾಯಿಸಿದ ಕೂಡಲೇ ಒಂದು ಫೀ ಸಿಗ್ತಿತ್ತು, ಅಂದ್ರೆ 'ಮಾತ್ರ' ಅನ್ನೋದು ಪೂರ್ತಿ ನಿಜ ಅಲ್ಲ. ಮೊದಲ 14 ತಿಂಗಳಲ್ಲಿ ಕೆಲಸಕ್ಕೆ ಹೋಗಿ ಉಳಿದೋರು ನೂರಕ್ಕೆ 3.5 ಜನ, ಇಲಾಖೆ ಮೊದಲ ವರ್ಷಕ್ಕೆ ಇಟ್ಟಿದ್ದ ಕನಿಷ್ಠ ಗುರಿಯೇ 5.5, ಹದಿನೆಂಟು ಕಾಂಟ್ರ್ಯಾಕ್ಟರ್‌ಗಳಲ್ಲಿ ಒಬ್ಬರೂ ಅದನ್ನ ಮುಟ್ಟಲಿಲ್ಲ. ಮತ್ತೆ ಆ ಫೀಲ್ಡಲ್ಲಿರೋರ ಬಾಯಲ್ಲಿ ಎರಡು ಮಾತು ಓಡಾಡ್ತಿತ್ತು, ಕ್ರೀಮಿಂಗ್, ಪಾರ್ಕಿಂಗ್. ಹೇಗಿದ್ರೂ ಕೆಲಸ ಸಿಗೋ ಹುಡುಗರನ್ನ ಹಾಲಿನ ಕೆನೆ ತೆಗೆದ ಹಾಗೆ ತೆಗೆದುಕೊಳ್ಳೋದು ಒಂದು, ಬೆನ್ನು ನೋವಿರೋ ಐವತ್ತೈದರ ಹೆಂಗಸನ್ನ ಮೂಲೇಲಿ ಕೂರಿಸಿ ಮರೆಯೋದು ಇನ್ನೊಂದು. ಇದಕ್ಕೆ ಸುಳ್ಳು ಸಹಿ ಬೇಕಾಗಿಲ್ಲ, ಯಾವ ಕೋರ್ಟಿಗೂ ಹೋಗಲ್ಲ, ನನಗೆ ಮೂರು ಲಕ್ಷ ಪೌಂಡಿಗಿಂತ ಇದೇ ಜಾಸ್ತಿ ಸಂಕಟ ಕೊಡೋದು.

ನಾನು ವರದಿಗಾರನಾಗಿದ್ದಾಗ ಒಂದು ಊರಿನ ಗ್ರಾಮಸಭೆಗೆ ಹೋಗಿದ್ದೆ. ಉದ್ಯೋಗ ಖಾತ್ರಿಯ ಸೋಷಿಯಲ್ ಆಡಿಟ್, 2005ರ ಕಾಯ್ದೆಯ 17ನೇ ಸೆಕ್ಷನ್ನಲ್ಲೇ ಗ್ರಾಮಸಭೆಗೆ ಆ ಅಧಿಕಾರ ಕೊಟ್ಟಿತ್ತು. ಎನ್‌ಎಂಆರ್, ಅಂದ್ರೆ ಯಾರು ಎಷ್ಟು ದಿನ ಕೆಲಸ ಮಾಡಿದ್ರು ಅನ್ನೋ ಹಾಜರಿ ಪಟ್ಟಿ ತೆಗೆದು ಒಬ್ಬೊಬ್ಬರ ಹೆಸರು ಗಟ್ಟಿಯಾಗಿ ಓದ್ತಾ ಇದ್ರು. ಒಬ್ಬ ಹೆಣ್ಣುಮಗಳ ಹೆಸರು ಬಂತು, ಕೆರೆ ಹೂಳು ತೆಗೆಯೋ ಕೆಲಸ, ಹನ್ನೆರಡು ದಿನ. ಹಿಂದಿನ ಸಾಲಿಂದ ಅವಳ ಅತ್ತೆ ಎದ್ದು ನಿಂತು "ಅವತ್ತು ಅವ್ಳು ಹೆರಿಗೆಗೆ ಆಸ್ಪತ್ರೆಲಿದ್ಲು ಕಣಪ್ಪ, ಈ ಕೂಸು ನೋಡು" ಅಂತ ಮಗುನ ಎತ್ತಿ ತೋರಿಸಿದ್ಲು. ಓದ್ತಿದ್ದೋರು ಅಲ್ಲಿಗೇ ನಿಲ್ಲಿಸಿದ್ರು. ಎಷ್ಟೋ ಕಡೆ ಆ ಸಭೆ ಬರೀ ಕಾಗದದ ಮೇಲೆ ನಡೆದಿದೆ, ನನಗೂ ಗೊತ್ತು. ಆದ್ರೆ ಅವತ್ತು ಹನ್ನೆರಡು ದಿನದ ಸುಳ್ಳು ಹಿಡಿಯೋಕೆ ಒಂದು ನಿಮಿಷ ಸಾಕಾಯ್ತು, ಯಾಕಂದ್ರೆ ಆ ಕಾಗದವನ್ನ ಅದರಲ್ಲಿರೋ ಜನರ ಮುಂದೇನೇ ಓದಿದ್ರು. ಬ್ರಿಟನ್ನಲ್ಲಿ 'ನಿನಗೆ ಕೆಲಸ ಸಿಕ್ಕಿದೆ ಅಂತ ಬರೆದಿದೆ, ಹೌದಾ?' ಅಂತ ಫಾರ್ಮಿನಲ್ಲಿ ಹೆಸರಿದ್ದೋರನ್ನೇ ದುಡ್ಡು ಕೊಡೋ ಮುಂಚೆ ಕೇಳಿದ್ರೆ ಅಷ್ಟೊಂದು ಸುಳ್ಳು ಫೈಲು ಪಾಸಾಗ್ತಿತ್ತಾ?

ನಿಮ್ಮ ತಂಗಿ ಮಗಳ ಪ್ರಾಮಾಣಿಕತೆ ಬಗ್ಗೆ ನನಗೆ ಅನುಮಾನ ಇಲ್ಲ, ಸುಳ್ಳು ಸಹಿ ಹಾಕದೇ ಇದ್ದಿದ್ದಕ್ಕೆ ಟಾರ್ಗೆಟ್ ತಪ್ಪಿಸಿಕೊಂಡು ಬೈಸಿಕೊಂಡಿರೋರು ಅಂಥವರೇ. ಒಂದು ದಿನ ಅವರ ಡೆಸ್ಕಿನ ಮುಂದೆ ಯಾರ್ಯಾರು ಬಂದು ಕೂರ್ತಾರೆ, ಟಾರ್ಗೆಟ್ ಎಷ್ಟು, ಫಾರ್ಮ್ ಯಾರು ಚೆಕ್ ಮಾಡ್ತಾರೆ, ಇಷ್ಟನ್ನ ಬರೆದು ಕಳಿಸೋಕೆ ಹೇಳ್ತೀರಾ? ಅವರ ಹೆಸರು, ಆಫೀಸಿನ ಹೆಸರು ಯಾವುದೂ ಹಾಕಲ್ಲ. ಹೆಡ್ಡಿಂಗಿನ ತಿದ್ದುಪಡಿ ಈ ಸಂಚಿಕೆಯಲ್ಲೇ ಇದೆ, ಲೇಖನ ಇದ್ದಷ್ಟೇ ದೊಡ್ಡ ಅಕ್ಷರದಲ್ಲಿ ಹಾಕಿದೀವಿ.

– ಸಂಪಾದಕ